ಚಿಟ್ಟೆಕಲ್ಲಿಗೆ ಹುಣಸೆಹಣ್ಣು

ನನ್ನ ತಂಗಿಯ ಮಗಳು ನಜ್ಮಾಗೆ ನ್ಯೂಯಾರ್ಕಿನ ಒಂದು ಮ್ಯೂಸಿಯಮ್ಮಿನ ಕಲ್ಲುಗಳ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಸಿಕ್ಕ ಸಂಜೆಯೇ ಫೋನ್ ಮಾಡಿ, "ಖಾಲಾ, ನೀವು ಅಷ್ಟು ವರ್ಷ ಕಲ್ಲು ತೊಳೆದ್ರಲ್ಲ, ಅದ್ರ ಬಗ್ಗೆ ಏನಾದ್ರೂ ಬರೆದುಕೊಡಿ" ಎಂದಳು. ಕಲ್ಲು ತೊಳೆದದ್ದಂತೆ! ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೆಟುಚೆನ್ ರೈಲು ನಿಲ್ದಾಣದ ಹತ್ತಿರದ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ನಿವೃತ್ತಳಾಗುವವರೆಗೂ ನಾನು ತೊಳೆದದ್ದು ಕಲ್ಲನ್ನೇ. ಮೈಸೂರಿನಲ್ಲಿದ್ದ ನಮ್ಮಮ್ಮ ಮಾತ್ರ ನಾನು ಅಮೆರಿಕದ ದೊಡ್ಡ ಲ್ಯಾಬಿನಲ್ಲಿದ್ದೇನೆ ಎಂದು ಕೊನೆಯವರೆಗೂ ನಂಬಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಮೈಸೂರಿನ ಕಾಲೇಜೊಂದರಲ್ಲಿ ನಾನು ಕೆಮಿಸ್ಟ್ರಿ ಲ್ಯಾಬಿನ ಸಹಾಯಕಿಯಾಗಿದ್ದೆ. ಗಂಡ ಬಷೀರ್ ಅವರಿಗೆ ಬ್ರಿಡ್ಜ್‌ವಾಟರ್‌ನ ಔಷಧ ಕಂಪನಿಯಲ್ಲಿ ಕೆಲಸವಾಯಿತೆಂದು ನ್ಯೂಜೆರ್ಸಿಗೆ ಬಂದೆವು. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿದ್ದ ಒಂದು ದಿನ ಅಂಗಡಿಯ ಗಾಜಿನ ಮೇಲೆ ಒಂದು ಬೋರ್ಡ್ ಕಂಡಿತು. ಸಹಾಯಕರು ಬೇಕು, ಕೈ ನಡುಗಬಾರದು ಎಂದಿತ್ತು. ಒಳಗೆ ಹೋದೆ. ಟೈ ಕಟ್ಟಿಕೊಂಡ ಇಂಗ್ಲಿಷ್ ಮುದುಕರೊಬ್ಬರು ಒಂದೂ ಪ್ರಶ್ನೆ ಕೇಳದೆ, ಬಸಿ ಮೇಲೆ ಕಪ್ಪಿಟ್ಟು, ಕಂಠಮಟ್ಟ ಟೀ ಸುರಿದು, "ಆ ಕಿಟಕಿಯವರೆಗೆ ಹೋಗಿ ಬನ್ನಿ" ಎಂದರು. ಹೋಗಿ ಬಂದೆ. ಬಸಿಯಲ್ಲಿ ಒಂದು ತೊಟ್ಟೂ ಇರಲಿಲ್ಲ. ಟೀ ಕುಡಿಯಲು ಹೇಳಿದರು, ನಾಳೆಯಿಂದ ಬರಲು ಹೇಳಿದರು. ಅದೇ ನನ್ನ ಇಂಟರ್‌ವ್ಯೂ.

ಅವರ ಹೆಸರು ಆರ್ಥರ್. ಇಂಗ್ಲೆಂಡಿನ ಕಂಬರ್ಲೆಂಡ್ ಕಡೆಯವರು. ಅವರ ತಾತ ಅಲ್ಲಿನ ಎಗ್ರೆಮಾಂಟ್ ಎಂಬ ಊರಿನ ಕಬ್ಬಿಣದ ಗಣಿಯಲ್ಲಿ ಕೂಲಿಯಾಗಿದ್ದವರು. ಮೊಮ್ಮಗ ಮಾತ್ರ ಜೀವನವಿಡೀ ಒಂದು ಕೂಲಿಯಾಳನ್ನೂ ಇಟ್ಟುಕೊಳ್ಳದೆ ಗಣಿಗಳ ವ್ಯಾಪಾರ ಮಾಡಿದರು. ಅಂದರೆ, ಯುರೋಪಿನ ಹಳೇ ಗಣಿಗಳಿಂದ ಬಂದ ಕ್ಯಾಲ್ಸೈಟ್ ಹರಳುಗಳನ್ನು ಹುಡುಕಿ, ಕೊಂಡು, ಚೊಕ್ಕ ಮಾಡಿಸಿ, ಅದಕ್ಕೆಂದೇ ಹುಚ್ಚು ಹಿಡಿದವರಿಗೆ ಮಾರುವುದು. ಕಂಬರ್ಲೆಂಡಿನದು, ಜರ್ಮನಿಯ ಹಾರ್ಜ್ ಬೆಟ್ಟದ್ದು, ಬೊಹೀಮಿಯದ್ದು, ಐಸ್‌ಲ್ಯಾಂಡಿನದು ಬಿಟ್ಟರೆ ಬೇರೆ ಕಲ್ಲನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಆ ಗಣಿಗಳೆಲ್ಲ ಮುಚ್ಚಿ ಯಾವುದೋ ಕಾಲವಾಗಿದೆ. ನಮ್ಮ ಪಾಲಿಗೆ ಗಣಿಯೆಂದರೆ ಸತ್ತವರ ಮನೆಯ ಬೇಸ್‌ಮೆಂಟ್.

ಕ್ವೀನ್ಸ್‌ನಲ್ಲಿ ಒಬ್ಬ ಜರ್ಮನ್ ಅಜ್ಜಿಯ ಮನೆಗೆ ಹೋದದ್ದು ನೆನಪಿದೆ. ಗಂಡ ತೀರಿಕೊಂಡಿದ್ದರು, ಅವರು ಕೂಡಿಟ್ಟ ಕಲ್ಲುಗಳನ್ನು ಮಾರಬೇಕಿತ್ತು. ಬೇಸ್‌ಮೆಂಟೆಲ್ಲ ಜಾಲಾಡಿದರೂ ಕೈಗೆ ಬಂದದ್ದು ಬರೀ ಚೂರುಪಾರು. ಆರ್ಥರ್ ಮುಖ ಹುಳ್ಳಗೆ ಮಾಡಿಕೊಂಡು ಹೊರಟರು. ಬಾಗಿಲು ದಾಟುವಾಗ ಎಡವಿದರು. ಬಾಗಿಲು ಮುಚ್ಚಿಕೊಳ್ಳದ ಹಾಗೆ ಅಡ್ಡ ಇಟ್ಟಿದ್ದ ವಸ್ತುವಿಗೆ ಕೈಯಲ್ಲಿ ಹೆಣೆದ ಉಣ್ಣೆಯ ಅಂಗಿ ತೊಡಿಸಿದ್ದರು, ಗುಂಡಿಗಳೂ ಇದ್ದವು. ಆರ್ಥರ್ ನೆಲದ ಮೇಲೆ ಕೂತವರು ಏಳಲೇ ಇಲ್ಲ. ಒಂದೊಂದೇ ಗುಂಡಿ ಬಿಚ್ಚಿದರು. ಒಳಗೆ ಹಾರ್ಜ್ ಬೆಟ್ಟದ ಕ್ಯಾಲ್ಸೈಟ್, ನೆತ್ತಿಯ ಮೇಲೆ ಚಪ್ಪಟೆ ಹರಳುಗಳ ದೊಡ್ಡ ಗೊಂಚಲು. ಅಜ್ಜಿ ಕಲ್ಲನ್ನು ಸಲೀಸಾಗಿ ಕೊಟ್ಟರು. ಅಂಗಿ ಮಾತ್ರ ಕೊಡಲಿಲ್ಲ, ತಾವೇ ಹೆಣೆದದ್ದಂತೆ.

ನಜ್ಮಾ, ನಿನಗೆ ಪುಸ್ತಕದಲ್ಲಿ ಹೇಳಿಕೊಡುವುದನ್ನು ನಾನು ಹೇಳುವುದಿಲ್ಲ. ಕ್ಯಾಲ್ಸೈಟ್ ಅಂದರೆ ಗೋಡೆಗೆ ಬಳಿಯುವ ಸುಣ್ಣದ ಮನೆತನದ್ದೇ, ಆದರೆ ಆ ಮನೆತನದ ಸುಂದರಿ. ಸುಂದರಿ ಎಂದಮೇಲೆ ನಖರೆಯೂ ಇದೆ. ಬಿದ್ದರೆ ನೀಟಾಗಿ ಓರೆಯಾಗಿ ಸೀಳಿಕೊಳ್ಳುತ್ತದೆ. ಚಳಿಯಿಂದ ಬಿಸಿಗೆ ತಂದರೆ ಟಿಕ್ ಎಂದು ಬಿರುಕು ಬಿಡುತ್ತದೆ. ಹುಳಿ ಸೋಕಿತೋ, ನೊರೆ ಕಾರಿ ಕರಗುತ್ತದೆ, ಹೊಳಪು ಹೋಗಿ ಮಂಕಾಗುತ್ತದೆ, ಹೋದ ಹೊಳಪು ಮತ್ತೆ ಬರುವುದಿಲ್ಲ. ಊಟಕ್ಕೆ ನಿಂಬೆಹಣ್ಣಿನ ಚಿತ್ರಾನ್ನ ತಂದ ದಿನ ಆರ್ಥರ್ ನನ್ನನ್ನು ಫುಟ್‌ಪಾತಿನಲ್ಲಿ ಕೂರಿಸಿ ತಿನ್ನಿಸುತ್ತಿದ್ದರು. ತಿಂದು ಬಂದಮೇಲೆ ಕೈ ಮೂಸಿ ನೋಡುತ್ತಿದ್ದರು.

ಚಳಿಯ ಪಾಠ ಕಲಿತದ್ದು ಜನವರಿಯಲ್ಲಿ. ಪೆನ್ಸಿಲ್ವೇನಿಯಾದಿಂದ ಕೊಂಡು ತಂದ ಬೊಹೀಮಿಯದ ಹರಳೊಂದನ್ನು ಕಾರಿನ ಟ್ರಂಕಿನಿಂದ ತೆಗೆದು ನೇರ ಹೀಟರ್ ಪಕ್ಕದ ಮೇಜಿಗೆ ತಂದಿಟ್ಟದ್ದು ಸ್ವತಃ ಆರ್ಥರ್. ಟಿಕ್ ಎಂದಿತು. ನಾನು ಗಡಿಯಾರ ನೋಡಿದೆ. ಅವರು ನನ್ನನ್ನು ನೋಡಿದರು. ಕಲ್ಲು ಎರಡಾಗಿತ್ತು. ಆಮೇಲಿನಿಂದ ಕಲ್ಲುಗಳಿಗೆ ಟ್ರಂಕ್ ನಿಷೇಧವಾಯಿತು. ಪಿಕ್ನಿಕ್ಕಿಗೆ ಐಸ್ ಒಯ್ಯುವ ಡಬ್ಬದಲ್ಲಿ ಹಳೇ ಟವೆಲ್ ಹಾಸಿ, ಅದರೊಳಗೆ ಕಲ್ಲಿಟ್ಟು, ಡಬ್ಬವನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಸೀಟ್‌ಬೆಲ್ಟ್ ಹಾಕುತ್ತಿದ್ದರು. ನಾನು ಹಿಂದಿನ ಸೀಟು. ಒಮ್ಮೆ ಟರ್ನ್‌ಪೈಕ್ ಹೆದ್ದಾರಿಯಲ್ಲಿ ನಮ್ಮನ್ನು ನಿಲ್ಲಿಸಿದ ಪೊಲೀಸಿನವನು ನನ್ನನ್ನೂ ಡಬ್ಬವನ್ನೂ ನೋಡಿ, "ಮ್ಯಾಮ್, ಆರ್ ಯು ಓಕೆ?" ಎಂದು ಎರಡು ಸಲ ಕೇಳಿದ.

ಇನ್ನು ಚಿಟ್ಟೆಯ ವಿಷಯ. ಎಗ್ರೆಮಾಂಟ್ ಕಡೆಯ ಕ್ಯಾಲ್ಸೈಟಿಗೆ ಚಿಟ್ಟೆಕಲ್ಲು ಎಂದೇ ಹೆಸರು. ಅಲ್ಲಿ ಎರಡು ಹರಳು ಒಂದಕ್ಕೊಂದು ಅಂಟಿ ಅವಳಿಯಾಗಿ ಬೆಳೆಯುತ್ತವೆ, ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಕಾಣುತ್ತವೆ. ನೀರಿನಷ್ಟು ತಿಳಿ. ಅಂಥದೊಂದನ್ನು ಆರ್ಥರ್ ಅವರ ತಾತ ಊಟದ ಡಬ್ಬಿಯೊಳಗೆ ಅಡಗಿಸಿ ಗಣಿಯಿಂದ ಮನೆಗೆ ತಂದಿದ್ದರಂತೆ. ತಾತನಿಂದ ಅಪ್ಪನಿಗೆ, ಅಪ್ಪನಿಂದ ಆರ್ಥರ್‌ಗೆ. ಅವರಿಗೆ ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ, ಇದ್ದದ್ದು ಆ ಚಿಟ್ಟೆ. ಗಾಜಿನ ಕಪಾಟಿನ ನಡುಮಧ್ಯೆ ಅದನ್ನಿಟ್ಟು, ಮಾರಾಟಕ್ಕಲ್ಲ ಎಂದು ಬರೆದಿದ್ದರು. ಎಷ್ಟೋ ಜನ ಕೇಳಿದರು. ಒಬ್ಬ ಗಿರಾಕಿ ಬೆಲೆ ಹೇಳುತ್ತಿದ್ದ ಹಾಗೇ ಆರ್ಥರ್ ಅವನ ಕೋಟನ್ನು ತಂದು ಕೈಗೆ ಕೊಟ್ಟದ್ದನ್ನು ನಾನೇ ನೋಡಿದ್ದೇನೆ.

ಚಿಟ್ಟೆಯ ಅಡಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಒಂದು ಮಂಕು ಗುರುತಿತ್ತು. ಹೊಸಬರು ಯಾರೇ ಬರಲಿ, ಬಿಳಿ ಗ್ಲೌಸ್ ಹಾಕಿ, ಕಲ್ಲು ಮಗುಚಿ, ಭೂತಗನ್ನಡಿ ಕೊಟ್ಟು ಆರ್ಥರ್ ಉಪನ್ಯಾಸ ಕೊಡುತ್ತಿದ್ದರು. "ಭೂಮಿಯ ಆಳದಲ್ಲಿ, ಲಕ್ಷಾಂತರ ವರ್ಷಗಳ ಹಿಂದೆ, ಹುಳಿಯಾದ ನೀರು ಒಂದೇ ಒಂದು ಕ್ಷಣ ಮುಟ್ಟಿ ಹೋದ ಗುರುತು ಇದು." ಈ ಕೊನೇ ಮಾತಿಗೆ ಅವರ ದನಿ ನಡುಗುತ್ತಿತ್ತು. ಕಲ್ಲಿನ ಜೊತೆಗಿದ್ದ ಚೀಟಿಯಲ್ಲೂ ಇದನ್ನೇ ಬರೆದಿದ್ದರು. ನಮ್ಮ ಕಸುಬಿನಲ್ಲಿ ಕಲ್ಲಿಗೆ ಚೀಟಿ ಜಾತಕವಿದ್ದ ಹಾಗೆ. ಅದರಲ್ಲಿ ಬರೆದದ್ದನ್ನು ಯಾರೂ ಪ್ರಶ್ನಿಸುವುದಿಲ್ಲ.

ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕರ್ಧ ವಾಲ್‌ಸ್ಟ್ರೀಟಿನವರು. ರೈಲಿನಲ್ಲಿ ಮನೆಗೆ ಹೋಗುವ ದಾರಿಯಲ್ಲಿ ಇಳಿದು, ಕಲ್ಲು ಕೊಂಡು, ಹೆಂಡತಿಗೆ ಕಾಣದ ಹಾಗೆ ಒಯ್ಯುವುದು ಅವರ ಪದ್ಧತಿ. ವೆಸ್ಟ್ ವಿಂಡ್ಸರ್‌ನ ರಮೇಶ್ ಎಂಬ ಬೆಂಗಳೂರಿನವರು ಕೊಂಡದ್ದನ್ನೆಲ್ಲ ಗರಾಜಿನಲ್ಲಿದ್ದ ಸೋನಾ ಮಸೂರಿ ಮೂಟೆಯೊಳಗೆ ಹುಗಿದಿಡುತ್ತಿದ್ದರು. "ಅಕ್ಕಿಗಿಂತ ಸೇಫ್ ಪ್ಯಾಕಿಂಗ್ ಇಲ್ಲ ಮೇಡಂ, ಯಾವ ಕಡೆಯಿಂದ್ಲೂ ಪೆಟ್ಟು ಬೀಳಲ್ಲ" ಎಂದು ನನಗೇ ಪಾಠ ಹೇಳಿದ್ದರು. ಮಾತು ನಿಜವೇ. ಮುಂದೆ ನಾನೂ ಅಕ್ಕಿಯಲ್ಲಿಟ್ಟು ಪಾರ್ಸೆಲ್ ಕಳಿಸಿದ್ದುಂಟು.

ಎರಡು ಸಾವಿರದ ಎಂಟರ ಬೇಸಿಗೆ ಮುಗಿಯುತ್ತಿದ್ದ ಹಾಗೆ ಬ್ಯಾಂಕುಗಳು ಮುಳುಗಿ, ಶೇರುಪೇಟೆ ಕುಸಿದು, ಈ ಗಿರಾಕಿಗಳ ಮುಖದ ಬಣ್ಣ ಬದಲಾಯಿತು. ಅಂಗಡಿಗೆ ಬರುತ್ತಿದ್ದರು, ಕೊಳ್ಳುತ್ತಿರಲಿಲ್ಲ, ಜೇಬಿನಿಂದ ಹೊಟ್ಟೆಯುರಿಯ ಮಾತ್ರೆ ತೆಗೆದು ಚೀಪುತ್ತಾ ನಿಲ್ಲುತ್ತಿದ್ದರು. ಆ ಮಾತ್ರೆಯೂ ನಮ್ಮ ಕಪಾಟಿನಲ್ಲಿದ್ದ ಹರಳೂ ಒಂದೇ ಪದಾರ್ಥ, ಕ್ಯಾಲ್ಸಿಯಂ ಕಾರ್ಬೊನೇಟ್. ನಾನು ಬಾಯಿ ತಡೆಯಲಾರದೆ ಇದನ್ನು ಒಬ್ಬರಿಗೆ ಹೇಳಿಬಿಟ್ಟೆ. ಅವರು ಮಾತ್ರೆಯನ್ನೊಮ್ಮೆ ಹರಳನ್ನೊಮ್ಮೆ ನೋಡಿ, "ಹಾಗಾದ್ರೆ ನಾನು ಇಷ್ಟು ದಿನ ತಪ್ಪು ಕಡೆ ದುಡ್ಡು ಹಾಕಿದೆ" ಎಂದು ಹೊರಟುಹೋದರು. ಆರ್ಥರ್ ಒಂದು ವಾರ ನನ್ನನ್ನು ಗಿರಾಕಿಗಳ ಹತ್ತಿರ ಬಿಡಲಿಲ್ಲ.

ಐಸ್‌ಲ್ಯಾಂಡಿನ ಕ್ಯಾಲ್ಸೈಟಿನದು ಇನ್ನೊಂದು ಚಮತ್ಕಾರ. ತಿಳಿಯಾದ ತುಂಡನ್ನು ಕಾಗದದ ಮೇಲಿಟ್ಟು ನೋಡಿದರೆ ಕೆಳಗಿನ ಅಕ್ಷರ ಎರಡೆರಡಾಗಿ ಕಾಣುತ್ತದೆ. ಕೆಲಸ ಹೋದ ದಿನ ರಮೇಶ್ ಅಂಗಡಿಗೆ ಬಂದು, ತಮ್ಮ ರಿಟೈರ್‌ಮೆಂಟ್ ಫಂಡಿನ ಸ್ಟೇಟ್‌ಮೆಂಟ್ ಮೇಲೆ ಆ ಕಲ್ಲಿಟ್ಟು ಬಹಳ ಹೊತ್ತು ಬಗ್ಗಿ ನೋಡುತ್ತಿದ್ದರು. "ಹೀಗೆ ನೋಡಿದ್ರೆ ಪರವಾಗಿಲ್ಲ ಮೇಡಂ" ಎಂದರು. ನಗು ತಡೆದುಕೊಂಡು ಅವರಿಗೊಂದು ಕಪ್ ಟೀ ತಂದಿಟ್ಟೆ. ಅದೇ ತಿಂಗಳು ಅವರ ಹೆಂಡತಿ ಹೊರಗಿನ ಊಟ ನಿಲ್ಲಿಸಿ, ಮೂಟೆಯ ಅಕ್ಕಿಯನ್ನೇ ತಳದವರೆಗೆ ಬಳಸಲು ಶುರು ಮಾಡಿದರು. ಮುಂದಿನದನ್ನು ನಾನು ಬರೆಯಬೇಕಾಗಿಲ್ಲ. ಕಲ್ಲುಗಳೆಲ್ಲ ನಮ್ಮ ಅಂಗಡಿಗೇ ವಾಪಸು ಬಂದವು. ತೊಳೆಯುವಾಗ ಸಂದಿಸಂದಿಯಲ್ಲಿ ಅಕ್ಕಿಕಾಳು ಸಿಕ್ಕವು.

ನಮ್ಮ ಬಷೀರ್ ಅವರಿಗೂ ಆ ಚಳಿಗಾಲದಲ್ಲೇ ಲೇಆಫ್ ಆಯಿತು. ಮನೆಯ ಹೆಲ್ತ್ ಇನ್ಶೂರೆನ್ಸು, ಮನೆಸಾಲದ ಮಾರ್ಟ್‌ಗೇಜು, ಎಲ್ಲ ನನ್ನ ಕಲ್ಲು ತೊಳೆಯುವ ಕೈಗೆ ಬಿತ್ತು. ಆ ಕೈಗೆ ಸಂಬಳ ಕೊಡಬೇಕಾದ ಅಂಗಡಿಯಲ್ಲೋ ವಾರಕ್ಕೊಬ್ಬ ಗಿರಾಕಿ. ಬಂದವನೂ ಕಲ್ಲು ಮಾರಲು ಬಂದಿರುತ್ತಿದ್ದ. ಆಗ ನಾನು ಆರ್ಥರ್ ಎದುರು ಬಾಯಿಬಿಟ್ಟು ಹೇಳಬಾರದ ಮಾತು ಹೇಳಿದೆ. ನ್ಯೂಜೆರ್ಸಿಯ ಕಲ್ಲು ಮಾರೋಣ ಎಂದೆ.

ನಮ್ಮ ರಾಜ್ಯದ ಉತ್ತರಕ್ಕೆ ಹಳೇ ಸತುವಿನ ಗಣಿಗಳಿವೆ. ಅಲ್ಲಿನ ಕ್ಯಾಲ್ಸೈಟ್ ನೋಡಲು ರಸ್ತೆಗೆ ಹಾಕುವ ಜಲ್ಲಿ. ಕತ್ತಲೆಯಲ್ಲಿ ಅಲ್ಟ್ರಾವಯೊಲೆಟ್ ದೀಪ ಹಿಡಿದರೆ ಮಾತ್ರ ನಿಗಿನಿಗಿ ಕೆಂಡವಾಗುತ್ತದೆ. ಮಕ್ಕಳು ಜೀವ ಬಿಡುತ್ತಾರೆ. ಆರ್ಥರ್‌ಗೆ ಅದರ ಹೆಸರೆತ್ತಿದರೇ ಆಗುತ್ತಿರಲಿಲ್ಲ. "ದೀಪ ಹಾಕಿದರೆ ಮಾತ್ರ ಚೆನ್ನಾಗಿ ಕಾಣುವುದು ಹರಳಲ್ಲ, ನಾಟಕದವರು" ಎನ್ನುತ್ತಿದ್ದರು. ಆದರೆ ಬಾಡಿಗೆ ಕೇಳಲು ಬಂದ ಕಟ್ಟಡದ ಮಾಲೀಕನಿಗೆ ಆ ಮಾತು ಹೇಳುವ ಹಾಗಿರಲಿಲ್ಲ. ಹೀಗೆ ನಾವು ಮಕ್ಕಳ ಬರ್ತ್‌ಡೇ ಪಾರ್ಟಿಗಳಿಗೆ ಹೊಳೆಯುವ ಕಲ್ಲು ತೋರಿಸಲು ಹೋಗತೊಡಗಿದೆವು. ಮನೆಯವರ ಬಟ್ಟೆ ಕ್ಲಾಸೆಟ್ಟಿನೊಳಗೆ ಕೋಟುಗಳ ನಡುವೆ ಆರ್ಥರ್ ಟೈ ಕಟ್ಟಿ ನಿಲ್ಲುವುದು, ನಾನು ಹೊರಗಿನಿಂದ ಐದೈದು ಮಕ್ಕಳನ್ನು ಒಳಗೆ ಬಿಡುವುದು. ದೀಪ ಹಾಕಿದರೆ ಕಲ್ಲಿನ ಜೊತೆ ಆರ್ಥರ್ ಅವರ ಬಿಳಿ ಶರ್ಟೂ ನೀಲಿಯಾಗಿ ಹೊಳೆಯುತ್ತಿತ್ತು. ಒಂದು ಮಗು "ಘೋಸ್ಟ್!" ಎಂದು ಕಿರುಚಿ ಹೊರಗೋಡಿತು. ಉಳಿದವು ಮತ್ತೆ ಮತ್ತೆ ಬಂದು ಸಾಲಿನಲ್ಲಿ ನಿಂತವು, ಕಲ್ಲು ನೋಡುವುದಕ್ಕಲ್ಲ.

ವೆಸ್ಟ್ ವಿಂಡ್ಸರ್‌ನ ಅಂಥದೊಂದು ಪಾರ್ಟಿಯಲ್ಲಿ ಹುಟ್ಟುಹಬ್ಬದ ಹುಡುಗಿಯ ಅಜ್ಜ ಪ್ರಭಾಕರ ಶೆಟ್ಟರು ಸಿಕ್ಕರು. ಕುಂದಾಪುರದವರು. ಬ್ರಿಡ್ಜ್‌ವಾಟರ್ ಹತ್ತಿರದ ಹೈವೇಯಲ್ಲಿ ಅವರ ಮೋಟೆಲ್ ಇತ್ತು. ಕೆಲಸ ಹೋದವರು, ಮನೆ ಬಿಟ್ಟವರು ವಾರಗಟ್ಟಲೆ ಬಂದಿಳಿದು, ಆ ಕೆಟ್ಟ ಕಾಲದಲ್ಲೂ ಅವರ ರೂಮುಗಳು ಖಾಲಿ ಇರುತ್ತಿರಲಿಲ್ಲ. ಮಕ್ಕಳ ಸಾಲಿನಲ್ಲೇ ನಿಂತು ಕ್ಲಾಸೆಟ್ಟಿನೊಳಗೆ ಬಂದರು. "ಇದು ಭಾರಿ ಉಂಟು ಮಾರಾಯ್ರೆ! ಇಂಥದ್ದು ಇನ್ನೆಂತದೆಲ್ಲ ಉಂಟು ನಿಮ್ಮ ಹತ್ರ?" ಎಂದರು. ಮರುದಿನ ಹೆಂಡತಿ ಸುಮತಿಯವರನ್ನು ಕರೆದುಕೊಂಡು ಅಂಗಡಿಗೇ ಬಂದುಬಿಟ್ಟರು. ಸುಮತಿ ಕಪಾಟುಗಳ ಮುಂದೆ ಒಂದು ಸುತ್ತು ಬಂದು ಚಿಟ್ಟೆಯ ಎದುರು ನಿಂತವರು ಮುಂದೆ ಹೋಗಲೇ ಇಲ್ಲ.

"ಖುರ್ಷಿದಕ್ಕ, ಇದೊಂದು ನಮ್ಮ ಮನೆಗೆ ಬೇಕು" ಎಂದರು. ಐದು ನಿಮಿಷದ ಪರಿಚಯದಲ್ಲೇ ನಾನು ಅಕ್ಕ ಆಗಿದ್ದೆ.

"ಅದು ಮಾರೋದಲ್ಲ ಸುಮತಿಯವ್ರೇ" ಎಂದೆ.

"ಅಂಗಡಿಯಲ್ಲಿಟ್ಟು ಮಾರೋದಲ್ಲ ಅಂದ್ರೆ ಹೇಗೆ? ಕೇಳಿ ನೋಡಿ."

ಕೇಳಲೇನೂ ಉಳಿದಿರಲಿಲ್ಲ, ಸುಮತಿ ಚಿಟ್ಟೆಯ ಕಡೆ ಬೆರಳು ತೋರಿಸಿದಾಗಲೇ ಆರ್ಥರ್ ಗ್ರಹಿಸಿದ್ದರು. ಆರ್ಥರ್ ಕೋಟು ತರಲು ಏಳುತ್ತಾರೆ ಎಂದು ಕಾದೆ. ಅವರು ಏಳಲಿಲ್ಲ. ಟೀ ಕಪ್ಪು ಕೆಳಗಿಟ್ಟರು, ಬಸಿಯ ಮೇಲೆ ಅದು ಕಟಕಟ ಎಂದಿತು. ನನ್ನನ್ನು ಹಿಂದಿನ ಕೋಣೆಗೆ ಕರೆದು, "ಮಿಸೆಸ್ ಖುರ್ಷಿದಾ, ಅಂಗಡಿ ಮುಚ್ಚಿದರೆ ಚಿಟ್ಟೆಯನ್ನು ನಾನು ಎಲ್ಲಿಡಲಿ? ನಿಮ್ಮನ್ನು ಎಲ್ಲಿಡಲಿ?" ಎಂದರು. ನನಗೆ ಅಳು ಬಂತು. ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಕೆಲಸವಿಲ್ಲದೆ ಮನೆಯಲ್ಲಿದ್ದ ಬಷೀರ್ ಕಣ್ಣೆದುರು ಬಂದರು, ಹೋಗಿ ಚಿಟ್ಟೆಯ ಚೀಟಿ ಹುಡುಕಿ ತಂದೆ.

ಮಾರಿದರು. ಆದರೆ ಷರತ್ತು ಹಾಕಿದರು. ಬಿಸಿಲಿಗಿಡಬಾರದು, ಹೀಟರ್ ಹತ್ತಿರ ಇಡಬಾರದು, ಮಕ್ಕಳ ಕೈಗೆ ಕೊಡಬಾರದು. ಎಲ್ಲಕ್ಕಿಂತ ದೊಡ್ಡದೆಂದರೆ, ತಿಂಗಳಿಗೊಮ್ಮೆ ಭಾನುವಾರ ಬಂದು ನೋಡಲು ಬಿಡಬೇಕು. ಶೆಟ್ಟರು ಎಲ್ಲಕ್ಕೂ ತಲೆಯಾಡಿಸಿ ನನ್ನ ಕಡೆ ತಿರುಗಿದರು. "ಇದು ಕಲ್ಲಿನ ವ್ಯಾಪಾರವಾ, ಹೆಣ್ಣು ಕೊಡೋದಾ?" ಅಂದಿನಿಂದ ಆ ಮನೆಯಲ್ಲಿ ಆರ್ಥರ್‌ಗೆ ಬೀಗರು ಎಂಬ ಹೆಸರು ಬಿತ್ತು. ಷರತ್ತುಗಳನ್ನು ಹೇಳುವಾಗ ಆರ್ಥರ್ ಹುಳಿಯ ಮಾತೆತ್ತಲಿಲ್ಲ. ಹಾಲಿನ ಶೋಕೇಸಿನಲ್ಲಿರುವ ಕಲ್ಲಿಗೆ ಹುಳಿ ಎಲ್ಲಿಂದ ಬಂದೀತು ಎಂದು ಅವರು ಎಣಿಸಿದರು. ನಮ್ಮವರ ಮನೆಯ ಹಬ್ಬ ಅವರಿಗೇನು ಗೊತ್ತು? ಗೊತ್ತಿದ್ದ ನನಗೂ ಹೊಳೆಯಲಿಲ್ಲ ನೋಡಿ.

ಭೇಟಿಗಳು ಶುರುವಾದವು. ಡ್ರೈವ್ ಮಾಡಿಕೊಂಡು ನಾನೇ ಕರೆದೊಯ್ಯುತ್ತಿದ್ದೆ. ಶೋಕೇಸಿನಲ್ಲಿ ಮೊಮ್ಮಗಳ ಈಜಿನ ಟ್ರೋಫಿಗಳು, ಯಕ್ಷಗಾನದ ಒಂದು ಕಿರೀಟಧಾರಿ ಗೊಂಬೆ, ನಡುವೆ ಚಿಟ್ಟೆ. ಆರ್ಥರ್ ಎದುರಿಗೆ ಕುರ್ಚಿ ಹಾಕಿಕೊಂಡು ಟೀ ಮುಗಿಯುವವರೆಗೆ ನೋಡುತ್ತಿದ್ದರು. ಮಗಳನ್ನು ಕೊಟ್ಟ ಮನೆಗೆ ಬಂದ ಅಪ್ಪನಂತೆ ಕಪಾಟಿನ ಮೂಲೆಗೆ ಬೆರಳಾಡಿಸಿ ಧೂಳು ಹುಡುಕುತ್ತಿದ್ದರು. ಸಿಗುತ್ತಿರಲಿಲ್ಲ. ಸುಮತಿಯವರ ಮನೆಯಲ್ಲಿ ಧೂಳು ಸಿಗುವುದುಂಟೇ? ಸೋಫಾದ ಮೇಲೆ ಶೆಟ್ಟರು ಕೂತೆದ್ದರೆ ಆ ಜಾಗವನ್ನೂ ಒರೆಸುವ ಹೆಂಗಸು ಅವರು. ಆರ್ಥರ್‌ಗೆ ಅದೇ ದುಃಖ. "ದೂರಲು ಏನೂ ಇಲ್ಲ" ಎಂದು ಕಾರಿನಲ್ಲಿ ಗೊಣಗುತ್ತಿದ್ದರು.

ಆಗಸ್ಟಿನಲ್ಲಿ ಒಂದು ಭಾನುವಾರ ಹೋದೆವು. ಶೋಕೇಸ್ ಬರಿದಾಗಿತ್ತು. ಟ್ರೋಫಿ ಇಲ್ಲ, ಗೊಂಬೆ ಇಲ್ಲ, ಚಿಟ್ಟೆ ಇಲ್ಲ. ಶೆಟ್ಟರು ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು.

"ಎಲ್ಲಿ?" ಎಂದು ಆರ್ಥರ್ ಕೇಳಿದ್ದನ್ನು ನಾನು ಕನ್ನಡಕ್ಕೆ ತಂದೆ.

"ಎಲ್ಲ ಹಿಂದೆ ಉಂಟು. ಚೌತಿ ಬಂತಲ್ಲ, ಸುಮತಿ ತೊಳೀತಿದ್ದಾಳೆ."

"ಎಲ್ಲ ಅಂದ್ರೆ?"

"ಎಲ್ಲ ಅಂದ್ರೆ ಎಲ್ಲ. ನನ್ನೊಬ್ಬನ್ನ ಬಿಟ್ಟಿದ್ದಾಳೆ. ನನ್ನ ಸರದಿ ಊಟದ ಮೇಲೆ ಇರ್ಬೇಕು."

ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ವಾಸನೆ ಬಂತು. ಹುಣಸೆಹಣ್ಣು ನೆನೆಸಿದ ವಾಸನೆ. ಚೌತಿಗೆ ಮೊದಲು ಹಿತ್ತಾಳೆ ದೀಪ, ಗಂಟೆ, ಚೊಂಬು, ತಟ್ಟೆ, ಹೊಳೆಯಬೇಕಾದದ್ದೆಲ್ಲ ಹುಣಸೆಹಣ್ಣಿನ ನೀರಿಗೆ ಬೀಳುವ ಮನೆ ಅದು. ಮೈಸೂರಿನಲ್ಲಿ ನಮ್ಮ ಪಕ್ಕದ ಮನೆಯ ಜಗಲಿಯಲ್ಲಿ ಕೂತು ಅವರ ದೀಪಗಳನ್ನು ಎಷ್ಟು ಸಲ ನಾನೇ ಉಜ್ಜಿಲ್ಲ! ಇನ್ನು ಆ ಮನೆಯಲ್ಲಿ ಚಿಟ್ಟೆಗಿಂತ ಹೊಳೆಯಬೇಕಾದದ್ದು ಯಾವುದಿತ್ತು?

"ಏನದು ವಾಸನೆ?" ಎಂದರು ಆರ್ಥರ್.

ಏನು ಹೇಳಲಿ? "ಆಸಿಡ್" ಎಂದೆ.

ಆ ವಯಸ್ಸಿನಲ್ಲಿ ಅವರು ಹಾಗೆ ಓಡಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಹಿಂದಿನ ಕಲ್ಲುಹಾಸಿನ ಪ್ಯಾಟಿಯೋದಲ್ಲಿ ಸುಮತಿ ಸಣ್ಣ ಮಣೆಯ ಮೇಲೆ ಕೂತಿದ್ದರು, ಮುಂದೆ ದೊಡ್ಡ ಟಬ್ಬಿನ ತುಂಬ ಕಂದು ನೀರು. ಆರ್ಥರ್ ಮಂಡಿಯೂರಿ, ಕೋಟಿನ ತೋಳು ಸಮೇತ ಎರಡೂ ಕೈ ಅದರೊಳಗೆ ಹಾಕಿದರು. ಟೈಯೂ ಮುಳುಗಿತು. ಒಂದು ಕಾಲುದೀಪ ಎತ್ತಿದರು, ಪಕ್ಕಕ್ಕಿಟ್ಟರು. ಗಂಟೆ ಎತ್ತಿದರು, ಅದು ಠಣ್ ಎಂದಿತು. ಚೊಂಬು. ಆರತಿ ತಟ್ಟೆ. ಇನ್ನೊಂದು ದೀಪ. ಪ್ರತಿಯೊಂದನ್ನೂ ಎತ್ತುವಾಗ "ಓ ನೋ" ಎನ್ನುತ್ತಿದ್ದರು, ಅದು ಚಿಟ್ಟೆಯಲ್ಲವೆಂದು ಗೊತ್ತಾದಾಗಲೂ "ಓ ನೋ" ಎನ್ನುತ್ತಿದ್ದರು.

ಸುಮತಿ ಕೈಯಲ್ಲಿದ್ದ ನಾರು ಬಿಟ್ಟು ನನ್ನನ್ನು ನೋಡಿದರು. "ಬೀಗರಿಗೆ ಎಂತಾಯ್ತು ಮಾರಾಯ್ರೆ? ನಾನೇ ತೊಳೀತಿದ್ದೆನಲ್ಲ, ಅವರ್ಯಾಕೆ ಕಷ್ಟಪಡೋದು?"

"ಕಲ್ಲೆಲ್ಲಿ ಸುಮತಿ? ಚಿಟ್ಟೆ ಎಲ್ಲಿ?" ಎಂದೆ.

"ಆ ಕಲ್ಲಾ? ಅಲ್ಲಿ ಕುರ್ಚಿ ಮೇಲೆ ಉಂಟಲ್ಲ." ನೆರಳಿನಲ್ಲಿದ್ದ ಕುರ್ಚಿಯ ಮೇಲೆ ಮಡಿಸಿದ ಟವೆಲ್, ಅದರ ಮೇಲೆ ಚಿಟ್ಟೆ ಆರಾಮಾಗಿ ಕೂತಿತ್ತು. "ಅದಕ್ಕೆ ಹುಳಿ ಆಗೋದಿಲ್ಲ ಖುರ್ಷಿದಕ್ಕ. ಹೊಸ ಸೀರೆ ಒಗೆಯುವಾಗ ಮೂಲೆ ಒದ್ದೆ ಮಾಡಿ ಬಣ್ಣ ಬಿಡ್ತದಾ ನೋಡೋದಿಲ್ವಾ, ಹಾಗೆ ಕಲ್ಲಿನ ಅಡಿಭಾಗಕ್ಕೆ ಒಂಚೂರು ಹುಣಸೆಹಣ್ಣು ಹಚ್ಚಿ ನೋಡಿದೆ. ಒಂದು ದೀಪ ಉಜ್ಜಿ ಬರೋದ್ರೊಳಗೆ ಸಣ್ಣಗೆ ನೊರೆ ಬಿಡ್ತಾ ಇತ್ತು. ಇದಕ್ಕೆ ಗ್ಯಾಸ್ ಟ್ರಬಲ್ ಉಂಟು ಅಂತ ತೊಳೆದು ಒರೆಸಿ ಇಟ್ಟೆ."

ನಾನು ಇಷ್ಟನ್ನೂ ಆರ್ಥರ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಗ್ಯಾಸ್ ಟ್ರಬಲ್ ಸಮೇತ ಹೇಳಿದೆ. ಅವರು ಕೋಟಿನ ತೋಳಿನಿಂದ ಹುಣಸೆ ನೀರು ತೊಟ್ಟಿಕ್ಕಿಸುತ್ತಾ ಎದ್ದರು. ಸುಮತಿ ತಾವಾಗಿಯೇ ಅವರ ಕೈ ತೊಳೆಸಿ, ಒರೆಸಿ, ಮೂಸಿ ನೋಡಿ ಬಿಟ್ಟರು. ಆಮೇಲೆ ಆರ್ಥರ್ ಚಿಟ್ಟೆಯನ್ನು ಮಗುಚಿದರು. ಅಡಿಯಲ್ಲಿ ಹಳೇ ಮಂಕು ಗುರುತಿನ ಪಕ್ಕದಲ್ಲೇ ಹೊಸದೊಂದು ಮಂಕು ಗುರುತು. ಹೆಬ್ಬೆರಳ ಉಗುರಿನಷ್ಟೇ. ಆಯಿತು, ಕಲ್ಲು ವಾಪಸು ಕೇಳುತ್ತಾರೆ, ಶೆಟ್ಟರು ದುಡ್ಡು ವಾಪಸು ಕೇಳುತ್ತಾರೆ, ಅಂಗಡಿ ಮುಚ್ಚುತ್ತದೆ, ನಾನು ಮನೆಗೆ ಹೋಗುತ್ತೇನೆ ಎಂದು ನಿಂತೆ.

ಆರ್ಥರ್ ಜೇಬಿನಿಂದ ಭೂತಗನ್ನಡಿ ತೆಗೆದರು. ಹೊಸ ಗುರುತು ನೋಡಿದರು. ಹಳೆಯದನ್ನು ನೋಡಿದರು. ಮತ್ತೆ ಹೊಸದು, ಮತ್ತೆ ಹಳೆಯದು. ನನ್ನ ಕೈಗೂ ಕೊಟ್ಟರು. ಅದೇ ಸವೆತ, ಅದೇ ದುಂಡು ಅಂಚು, ಬೆರಳಿನಲ್ಲಿ ಒತ್ತಿ ಹಚ್ಚಿದ ಅದೇ ಆಕಾರ. ಯಾವುದು ಯಾವುದೆಂದು ಹೇಳಲು ನನ್ನಿಂದ ಆಗಲಿಲ್ಲ.

"ಮಿಸೆಸ್ ಖುರ್ಷಿದಾ," ಎಂದರು ಮೆಲ್ಲಗೆ, "ನನ್ನ ಅಜ್ಜಿ ಪ್ರತಿ ಶನಿವಾರ ವಿನೆಗರ್ ಹಾಕಿ ಇಡೀ ಮನೆ ಉಜ್ಜುತ್ತಿದ್ದಳು. ಕಿಟಕಿ, ಹಿತ್ತಾಳೆ, ನಲ್ಲಿ, ಎಲ್ಲ. ತಾತ ತಂದ ಕಲ್ಲನ್ನು ಕಿಟಕಿಯಲ್ಲೇ ಇಟ್ಟಿದ್ದಳು." ಭೂತಗನ್ನಡಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. "ಲಕ್ಷಾಂತರ ವರ್ಷ ಅಲ್ಲ. ಭೂಮಿಯ ಆಳವೂ ಅಲ್ಲ. ಅದು ಶನಿವಾರ."

ಹೇಳಿ ಮುಗಿಸಿ ಕುರ್ಚಿಯ ಮೇಲೆ ಕೂತು ನಗತೊಡಗಿದರು. ಟೈಯಿಂದ ಹುಣಸೆ ನೀರು ಇಳಿಯುತ್ತಿತ್ತು, ಕಣ್ಣಿಂದಲೂ ನೀರು ಇಳಿಯುತ್ತಿತ್ತು. ಅಷ್ಟು ವರ್ಷ ದನಿ ನಡುಗಿಸಿ ಕೊಟ್ಟ ಉಪನ್ಯಾಸವೆಲ್ಲ ಅವರ ಅಜ್ಜಿಯ ವಿನೆಗರ್ ಬಾಟಲಿಯ ಮೇಲೆ ನಿಂತಿತ್ತು. ನಾನು ಸುಮತಿಗೆ ವಿಷಯ ತಿಳಿಸಿದೆ. ಅವರಿಗೆ ಅದರಲ್ಲಿ ಆಶ್ಚರ್ಯದ್ದೇನೂ ಕಾಣಲಿಲ್ಲ.

"ಮತ್ತೆ? ಅಜ್ಜಿ ಸುಮ್ಮನೆ ಬಿಡ್ತಾರಾ?" ಎಂದರು. "ಅವರೂ ಮೂಲೆಗೆ ಹಚ್ಚಿ ನೋಡಿ ನಿಲ್ಲಿಸಿದ್ರಲ್ಲ, ಬುದ್ಧಿವಂತೆ. ಬೀಗರಿಗೆ ಹೇಳಿ, ಊಟ ಮಾಡ್ಕೊಂಡೇ ಹೋಗ್ಬೇಕು. ಆ ಟೈ ಬಿಚ್ಚಿ ಕೊಡ್ಲಿ, ಒಗೆದು ಹಾಕ್ತೇನೆ."

ಟೈ ಇಲ್ಲದ ಆರ್ಥರನ್ನು ನಾನು ನೋಡಿದ್ದು ಅದೇ ಮೊದಲು. ಶೆಟ್ಟರ ಒಂದು ಹೂಹೂವಿನ ಶರ್ಟ್ ತೊಟ್ಟು, ನೀರ್‌ದೋಸೆ ತಿಂದು, ಪೆನ್ ಕೇಳಿ ತೆಗೆದುಕೊಂಡರು. ಚಿಟ್ಟೆಯ ಜೊತೆ ಕೊಟ್ಟಿದ್ದ ಚೀಟಿಯನ್ನು ತರಿಸಿ, ಭೂಮಿಯ ಆಳದ ಆ ಸಾಲನ್ನು ಹೊಡೆದುಹಾಕಿ, ಕೆಳಗೆ ಚಿಕ್ಕ ಅಕ್ಷರಗಳಲ್ಲಿ ಬರೆದರು. ಎಡಗಡೆಯ ಗುರುತು, ವಿನೆಗರ್, ನನ್ನ ಅಜ್ಜಿ. ಬಲಗಡೆಯದು, ಹುಣಸೆಹಣ್ಣು, ಮಿಸೆಸ್ ಸುಮತಿ ಶೆಟ್ಟಿ. ಕಲ್ಲನ್ನು ವಾಪಸು ಕೇಳಲಿಲ್ಲ. ಮೆಟುಚೆನ್ ತಲುಪಿ ಕಾರಿನಿಂದ ಇಳಿಯುವಾಗ, "ಕಪಾಟಿನಲ್ಲಿ ಅದು ನನ್ನದಾಗಿತ್ತು, ಅಲ್ಲಿ ಅದು ಮನೆಯಲ್ಲಿದೆ" ಎಂದರು.

ಅಂಗಡಿ ಉಳಿಯಿತು, ಬಷೀರ್‌ಗೂ ಮರುವರ್ಷ ಕೆಲಸವಾಯಿತು. ಆಮೇಲೆ ಕಲ್ಲು ಮಾರುವ ರೀತಿಯೂ ಬದಲಾಯಿತು. ಗಿರಾಕಿಗಳು ಅಂಗಡಿಗೆ ಬರುವುದು ಬಿಟ್ಟು ಕಂಪ್ಯೂಟರಿನಲ್ಲೇ ಕೊಳ್ಳತೊಡಗಿದರು, ನಾನು ತೊಳೆಯುವುದಕ್ಕಿಂತ ಫೋಟೋ ತೆಗೆಯುವುದೇ ಹೆಚ್ಚಾಯಿತು. ಒಂದು ಮಾತ್ರ ಬದಲಾಗಲಿಲ್ಲ. ಪ್ರತಿವರ್ಷ ಚೌತಿಗೆ ಮೊದಲಿನ ಭಾನುವಾರ ಆರ್ಥರ್ ಆ ಪ್ಯಾಟಿಯೋದಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರು. ಚಿಟ್ಟೆಯನ್ನು ಬರೀ ನೀರಿನಲ್ಲಿ ತಾವೇ ತೊಳೆದು ಕುರ್ಚಿಯ ಮೇಲಿಟ್ಟು, ಆಮೇಲೆ ತೋಳು ಮಡಚಿ ಹುಣಸೆಹಣ್ಣಿನಲ್ಲಿ ದೀಪ ಉಜ್ಜುತ್ತಿದ್ದರು. ಚೆನ್ನಾಗಿ ಉಜ್ಜುತ್ತಾರೆ ಎಂದು ಸುಮತಿ ಊರಿಗೆಲ್ಲ ಹೇಳುತ್ತಿದ್ದರು.

ಆರ್ಥರ್ ಈಗಿಲ್ಲ. ಸುಮತಿಗೆ ಚಿಟ್ಟೆಯ ವಿಷಯದಲ್ಲಿ ತಮ್ಮ ಕೈಯ ಮೇಲೇ ನಂಬಿಕೆ ಇಲ್ಲ. ಚೌತಿ ಹತ್ತಿರ ಬಂದರೆ ಫೋನ್ ಬರುತ್ತದೆ. "ಖುರ್ಷಿದಕ್ಕ, ನಾಳೆ ಹುಣಸೆಹಣ್ಣು ನೆನೆಸ್ತೇನೆ. ಬಂದು ಕಲ್ಲು ತಕ್ಕೊಂಡು ಹೋಗಿ, ಹಬ್ಬ ಮುಗೀಲಿ, ಆಮೇಲೆ ಊಟಕ್ಕೆ ಬರುವಾಗ ತನ್ನಿ." ನಾನು ಹೋಗುತ್ತೇನೆ. ಐಸ್ ಡಬ್ಬದಲ್ಲಿ ಹಳೇ ಟವೆಲ್ ಹಾಸಿ, ಚಿಟ್ಟೆಯನ್ನಿಟ್ಟು, ಮನೆಗೆ ತರುತ್ತೇನೆ. ಅಷ್ಟು ದಿನ ನಮ್ಮ ಮನೆಯಲ್ಲಿ ನಿಂಬೆಹಣ್ಣು ಇಲ್ಲ, ಸಾರು ಇಲ್ಲ, ಉಪ್ಪಿನಕಾಯಿ ಇಲ್ಲ. ಬಷೀರ್ ಗೊಣಗುತ್ತಾರೆ, ಗೊಣಗಲಿ.

ನಜ್ಮಾ, ನನಗೂ ವಯಸ್ಸಾಯಿತು, ಕೈ ಸ್ವಲ್ಪ ನಡುಗುತ್ತದೆ. ಈ ವರ್ಷ ನಿನ್ನ ನಂಬರನ್ನು ಸುಮತಿಗೆ ಕೊಟ್ಟಿದ್ದೇನೆ. ಫೋನ್ ಬಂದ ದಿನ ಮ್ಯೂಸಿಯಮ್ಮಿಗೆ ರಜೆ ಹಾಕಿ ಹೋಗು. ಡಬ್ಬವನ್ನು ಮುಂದಿನ ಸೀಟಿನಲ್ಲಿ ಕೂರಿಸು. ಬೆಲ್ಟ್ ಹಾಕು.